ಹತ್ತನೇ ಕಾಲಂ

ನಮ್ಮ ಬಂಗಾರಪೇಟೆ ಕಡೆ ಜಮೀನಿನ ಮಾತು ಬಂತೆಂದರೆ ಜನ ಕಾಲಂ ಲೆಕ್ಕದಲ್ಲೇ ಮಾತಾಡುತ್ತಾರೆ. ‘ಒಂಬತ್ತರಲ್ಲಿ ಇನ್ನೂ ನಮ್ ತಾತನ ಹೆಸರೇ ಐತೆ.’ ‘ಸೊಸೈಟಿ ಸಾಲ ತೀರಿಸಿ ಎರಡು ವರ್ಷ ಆಯ್ತು, ಹನ್ನೊಂದರಲ್ಲಿ ಹಂಗೇ ಕೂತೈತೆ.’ ‘ಹನ್ನೆರಡರಲ್ಲಿ ರಾಗಿ ಅಂತ ಬರೆದವ್ರೆ, ನಾವು ಇಟ್ಟಿರೋದು ಟೊಮೆಟೊ.’ ತಾಲ್ಲೂಕು ಕಚೇರಿಯ ಹತ್ತಿರ ಟೀ ಕುಡಿಯುತ್ತಾ ಅರ್ಧ ಗಂಟೆ ನಿಂತರೆ ಸಾಕು, ಇಂಥ ಮಾತುಗಳು ಕಿವಿಗೆ ಬೀಳುತ್ತವೆ. ಹೆಬ್ಬೆಟ್ಟು ಒತ್ತುವ ಅಜ್ಜಿಗೂ ಪಹಣಿಯ ಯಾವ ಮನೆಯಲ್ಲಿ ಏನಿರಬೇಕೆಂದು ಗೊತ್ತು. ಸ್ಪ್ರೆಡ್‌ಶೀಟ್ ಎಂಬ ಹೆಸರನ್ನೇ ಕೇಳದವರಿಗೂ ತಮ್ಮ ಬದುಕು ಒಂದು ಕೋಷ್ಟಕದೊಳಗೆ ಕೂತಿದೆ ಎಂಬುದು ತಲೆಮಾರುಗಳಿಂದ ತಿಳಿದ ವಿಷಯ.

ಅದೇ ಪಹಣಿಯಲ್ಲಿ ಹತ್ತನೇ ಕಾಲಂ ಅಂತ ಒಂದಿದೆ. ಅದರ ಮಾತನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲ. ಒಂಬತ್ತರಲ್ಲಿರುವ ಹೆಸರಿಗೆ ಆ ಜಮೀನು ಹೇಗೆ ಬಂತು ಎಂಬುದು ಅಲ್ಲಿರುತ್ತದೆ. ಪೌತಿಯಿಂದಲೋ, ಕ್ರಯದಿಂದಲೋ, ವಿಭಾಗದಿಂದಲೋ, ಜೊತೆಗೆ ಅದರ ಎಂ.ಆರ್. ನಂಬರ್. ಹೆಸರು ಸುಮ್ಮನೆ ಬದಲಾಗುವಂತಿಲ್ಲ, ಬದಲಾದರೆ ಪಕ್ಕದ ಮನೆಯಲ್ಲಿ ಕಾರಣ ಇರಬೇಕು. ಆ ನಂಬರ್ ಹಿಡಿದು ಹೋದರೆ ಮ್ಯುಟೇಶನ್ ರಿಜಿಸ್ಟರಿನಲ್ಲಿ ಯಾರ ಅರ್ಜಿ, ಯಾರ ಆದೇಶ, ಯಾವ ತಾರೀಕು ಎಲ್ಲವೂ ಸಿಗಬೇಕು. ಹೆಸರು ಬದಲಾಗುವ ಮುಂಚೆ ಸಂಬಂಧಪಟ್ಟವರಿಗೆ ನೋಟಿಸ್ ಹೋಗಬೇಕು, ತಕರಾರು ಸಲ್ಲಿಸಲು ಸಮಯ ಕೊಡಬೇಕು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಗೊತ್ತುಮಾಡಿತು. ಹೀಗೆ ಮಾಡಿದವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಒಂದು ಕೋಷ್ಟಕದಲ್ಲಿ ಒಂದು ಮನೆ ತಿದ್ದಿದರೆ ಯಾರದೋ ಹೊಟ್ಟೆಗೆ ಪೆಟ್ಟು ಬೀಳುತ್ತದೆ ಎಂಬುದು ಗೊತ್ತಿತ್ತು.

ಇವತ್ತು ಕಾರ್ಖಾನೆಗಳಲ್ಲಿ, ಗೋದಾಮುಗಳಲ್ಲಿ, ಲೇಬರ್ ಗುತ್ತಿಗೆದಾರರ ಲ್ಯಾಪ್‌ಟಾಪುಗಳಲ್ಲಿ ಲೆಕ್ಕವಿಲ್ಲದಷ್ಟು ಶೀಟುಗಳು ಮನುಷ್ಯನ ಕೈ ಸೋಕದೆ ತಾವಾಗಿಯೇ ಅಪ್‌ಡೇಟ್ ಆಗುತ್ತಿವೆ. ಹಾಜರಿ, ಓಟಿ, ಬಾಕಿ, ಸ್ಟಾಕು, ಕೂಲಿ ಎಲ್ಲಾ ಅದರಲ್ಲೇ. ಆ ಶೀಟುಗಳಲ್ಲಿ ಒಂಬತ್ತನೇ ಕಾಲಂ ಇದೆ, ಹತ್ತನೆಯದು ಇಲ್ಲ. ಅಂಕಿ ಇದೆ, ಅಂಕಿ ಎಲ್ಲಿಂದ ಬಂತು ಎಂಬುದಿಲ್ಲ. ಇದನ್ನು ಸಾಫ್ಟ್‌ವೇರಿನ ಸಣ್ಣ ಕೊರತೆ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ಕೂಲಿಯ ನ್ಯಾಯ ಈಗ ತೀರ್ಮಾನವಾಗುತ್ತಿರುವುದು ಅಲ್ಲೇ.

ನಾನು ಲೆಕ್ಕಪತ್ರದ ಕೆಲಸದಲ್ಲಿ ಇರುವವನು. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿದವನು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಗಳು ಬದುಕಿದ್ದು ಈ ರೈಲಿನಿಂದ. ಅಪ್ಪ ಶಾಫ್ಟ್ ಇಳಿಯುತ್ತಿದ್ದ, ಮಗ ಮಗಳು ರೈಲು ಹತ್ತುತ್ತಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಅದರ ಜೊತೆಗೆ ಡೇಟಾ ಎಂಟ್ರಿ, ಬಿಲ್ಲಿಂಗ್, ಎಂಐಎಸ್ ಎಕ್ಸಿಕ್ಯುಟಿವ್. ಕಡೆಯ ಮೂರಕ್ಕೂ ಹೆಸರು ಬೇರೆ, ಕೆಲಸ ಹೆಚ್ಚುಕಮ್ಮಿ ಒಂದೇ: ಒಂದು ಕಡೆ ಇರುವ ಅಂಕಿಯನ್ನು ಇನ್ನೊಂದು ಕಡೆ ಇಳಿಸುವುದು. ಮೇಲ್‌ನಲ್ಲಿ ಬಂದ ಬಿಲ್ ನೋಡಿ ಶೀಟಿಗೆ ಹಾಕು, ಶೀಟ್ ನೋಡಿ ಪೋರ್ಟಲ್‌ಗೆ ಹಾಕು, ಸಾಯಂಕಾಲ ಎರಡನ್ನೂ ವಿ-ಲುಕಪ್ ಹೊಡೆದು ತಾಳೆ ನೋಡು, ಸಾಹೇಬರಿಗೆ ಕಳಿಸು.

ಈ ಇಳಿಸುವ ಕೆಲಸವನ್ನೇ ಈಗ ವರ್ಕ್‌ಫ್ಲೋ ಸಾಫ್ಟ್‌ವೇರ್ ಮಾಡುತ್ತದೆ. ಮ್ಯಾನೇಜರ್ ‘ಅಪ್ರೂವ್’ ಒತ್ತಿದ ತಕ್ಷಣ ಶೀಟಿನಲ್ಲಿ ಒಂದು ಸಾಲು ಹುಟ್ಟುತ್ತದೆ. ಗೇಟಿನಲ್ಲಿ ಕಾರ್ಡ್ ತೋರಿಸಿದರೆ ಹಾಜರಿ ಬೀಳುತ್ತದೆ. ರಾತ್ರಿ ಹನ್ನೆರಡಕ್ಕೆ ಒಂದು ಟ್ರಿಗರ್ ಎದ್ದು ದಿನದ ಲೆಕ್ಕವನ್ನೆಲ್ಲಾ ಕೂಡಿ ಸಂಬಳದ ಶೀಟಿಗೆ ಸೇರಿಸುತ್ತದೆ. ಕೆಲವರು ಗೂಗಲ್ ಶೀಟಿಗೆ ಸ್ಕ್ರಿಪ್ಟ್ ಬರೆದುಕೊಳ್ಳುತ್ತಾರೆ, ಕೆಲವರು ಪವರ್ ಆಟೊಮೇಟ್ ಅಥವಾ ಝೇಪಿಯರ್ ಹಾಕಿಕೊಳ್ಳುತ್ತಾರೆ. ನಾನೂ ಇಂಥವು ಬರೆದಿದ್ದೇನೆ, ಬರೆಯುತ್ತೇನೆ. ಮೂರು ಜನ ಮೂರು ದಿನ ಕಣ್ಣು ನೋಯಿಸಿಕೊಂಡು ಮಾಡುವ ಕೆಲಸ ಮೂರು ನಿಮಿಷಕ್ಕೆ ಮುಗಿಯುವುದನ್ನು ನೋಡಿದವನಿಗೆ ಮತ್ತೆ ಕೈಯಲ್ಲಿ ಇಳಿಸು ಎಂದು ಯಾರಿಗೂ ಹೇಳಲು ಬಾಯಿ ಬರುವುದಿಲ್ಲ.

ಆದರೂ ಒಂದು ಪ್ರಸಂಗ ನನ್ನನ್ನು ಬಿಟ್ಟಿಲ್ಲ. ಕೋಲಾರದಾಚೆಯ ಕೈಗಾರಿಕಾ ಪ್ರದೇಶಕ್ಕೆ ಹೆಣ್ಣುಮಕ್ಕಳನ್ನು ಕಳಿಸುವ ಒಬ್ಬ ಗುತ್ತಿಗೆದಾರರ ಲೆಕ್ಕ ನಾನು ಸ್ವಲ್ಪ ಕಾಲ ನೋಡುತ್ತಿದ್ದೆ. ಅವರ ಬಸ್ಸು ಬೆಳಗಿನ ಜಾವ 4.40ಕ್ಕೆ ರಾಬರ್ಟ್‌ಸನ್‌ಪೇಟೆ ಬಿಟ್ಟು, 5.10ಕ್ಕೆ ಬಂಗಾರಪೇಟೆಗೆ ಬಂದು, 5.40ರ ಹೊತ್ತಿಗೆ ಕೋಲಾರ ಸೇರುತ್ತಿತ್ತು. ಬಸ್ಸು ಹತ್ತುವಾಗ ಐಡಿ ಕಾರ್ಡನ್ನು ಫೋನಿಗೆ ಹಿಡಿದರೆ ಅದೇ ಹಾಜರಿ. ಆ ಸ್ಕ್ಯಾನ್ ನೇರವಾಗಿ ಶೀಟಿಗೆ, ಶೀಟಿನಿಂದ ಸಂಬಳಕ್ಕೆ. ಒಳ್ಳೆಯ ವ್ಯವಸ್ಥೆ ಎಂದು ಎಲ್ಲರೂ ಮೆಚ್ಚಿದರು. ಎರಡು ತಿಂಗಳಾದ ಮೇಲೆ ಸೂಪರ್‌ವೈಸರ್ ಒಂದು ವಿಚಿತ್ರ ಗಮನಿಸಿದರು. ಕೆಜಿಎಫ್ ಮತ್ತು ಬಂಗಾರಪೇಟೆಯ ಹೆಂಗಸರು ಪ್ರತಿ ಶನಿವಾರ ಗೈರುಹಾಜರು. ಕೋಲಾರದವರು ಮಾತ್ರ ಸರಿಯಾಗಿ ಬರುತ್ತಿದ್ದಾರೆ. ‘ಈ ಕಡೆಯವರಿಗೆ ಶನಿವಾರ ಅಂದರೆ ಸೋಮಾರಿತನ’ ಎಂದು ಅಲ್ಲೇ ಒಂದು ತೀರ್ಪೂ ಆಯಿತು. ತಿಂಗಳಿಗೆ ನಾಲ್ಕು ದಿನದ ಕೂಲಿ ಕಡಿತ.

ಅದನ್ನು ಬಯಲಿಗೆ ತಂದದ್ದು ಒಂದು ಗೋಡೆ ಕ್ಯಾಲೆಂಡರ್. ಕೆಲಸಕ್ಕೆ ಹೋದ ದಿನ ಅದರ ತಾರೀಕಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುವುದು ಒಬ್ಬ ಹೆಂಗಸಿನ ಅಭ್ಯಾಸ. ಹಾಲಿನ ಲೆಕ್ಕಕ್ಕೆ ಸುತ್ತು, ಕೆಲಸಕ್ಕೆ ಗೀಟು. ಆಯಮ್ಮ ಎರಡು ತಿಂಗಳ ಹಾಳೆಯನ್ನು ಹರಿದು, ನಾಲ್ಕಾಗಿ ಮಡಿಸಿ, ರವಿಕೆಯೊಳಗಿನ ಪರ್ಸಿನಿಂದ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಎಂಟು ಶನಿವಾರಗಳ ಮೇಲೂ ಗೀಟು ಇತ್ತು. ಒಂದು ಶನಿವಾರದ ಪಕ್ಕದಲ್ಲಿ ‘ಮಳೆ’ ಎಂದು ತಮಿಳಿನಲ್ಲಿ ಬರೆದಿತ್ತು. ಅಂದು ಬಸ್ಸು ಇಪ್ಪತ್ತು ನಿಮಿಷ ತಡವಾಗಿತ್ತಂತೆ. ಶೀಟಿನಲ್ಲಿ ನೋಡಿದೆ. ಆ ಒಂದು ಶನಿವಾರ ಬಂಗಾರಪೇಟೆಯಲ್ಲಿ ಕೊನೆಗೆ ಹತ್ತಿದ ಇಬ್ಬರಿಗೆ ಹಾಜರಿ ಬಿದ್ದಿತ್ತು. ಅವರು ಹತ್ತಿದ ಹೊತ್ತು 5.31.

ಆಮೇಲೆ ಬಿಡಿಸಲು ಹತ್ತು ನಿಮಿಷ ಸಾಕಾಯಿತು. ನಡುವಿನ ಸಾಫ್ಟ್‌ವೇರ್ ದಿನಾಂಕವನ್ನು ಲೆಕ್ಕ ಹಾಕುತ್ತಿದ್ದುದು ಗ್ರೀನ್‌ವಿಚ್ ಸಮಯದಲ್ಲಿ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ಬೆಳಗ್ಗೆ 5.30 ಆಗುವವರೆಗೆ ಆ ಯಂತ್ರಕ್ಕೆ ಇನ್ನೂ ಹಿಂದಿನ ದಿನವೇ. ಹಾಗಾಗಿ ಸೋಮವಾರದ ಸ್ಕ್ಯಾನ್ ಭಾನುವಾರಕ್ಕೆ, ಮಂಗಳವಾರದ್ದು ಸೋಮವಾರಕ್ಕೆ, ಶನಿವಾರದ್ದು ಶುಕ್ರವಾರಕ್ಕೆ ಬೀಳುತ್ತಿತ್ತು. ಭಾನುವಾರ ವಾರದ ರಜೆ, ಅಲ್ಲಿ ಬಿದ್ದ ಹಾಜರಿಯನ್ನು ಫಾರ್ಮುಲಾ ಎಣಿಸುವುದಿಲ್ಲ. ಶನಿವಾರ ಖಾಲಿ. 5.30ರ ನಂತರ ಹತ್ತುವ ಕೋಲಾರದವರಿಗೆ ಏನೂ ಆಗಲಿಲ್ಲ. ಎಲ್ಲರಿಗಿಂತ ಮುಂಚೆ ಎದ್ದು, ಎಲ್ಲರಿಗಿಂತ ದೂರದಿಂದ ಬರುವವರು ವಾರಕ್ಕೊಂದು ದಿನ ಕಳೆದುಕೊಂಡರು.

ತಪ್ಪು ಯಾವ ವ್ಯವಸ್ಥೆಯಲ್ಲೂ ಆಗುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಅದನ್ನು ಸರಿಪಡಿಸಲು ಹೊರಟಾಗ ಕಂಡದ್ದು. ಲೆಕ್ಕದ ಹುಡುಗಿ ಶನಿವಾರದ ಮನೆಗಳಲ್ಲಿ ಕೈಯಾರೆ ‘ಹಾ’ ಎಂದು ತುಂಬಿದಳು. ರಾತ್ರಿ ಸಿಂಕ್ ಆಯಿತು, ಬೆಳಗ್ಗೆ ನೋಡಿದರೆ ಎಲ್ಲವೂ ಮತ್ತೆ ‘ಗೈ’. ಮತ್ತೆ ತುಂಬಿದಳು, ಮತ್ತೆ ಅಳಿಸಿತು. ಯಂತ್ರಕ್ಕೆ ತನ್ನ ಮೂಲದ ಅಂಕಿಯೇ ಸತ್ಯ, ಮನುಷ್ಯ ತಿದ್ದಿದ್ದು ಕಸ. ಶೀಟಿನ ಹಿಸ್ಟರಿ ತೆಗೆದು ನೋಡಿದರೆ ಎಲ್ಲಾ ಬದಲಾವಣೆಯೂ ಒಬ್ಬನೇ ಮಾಡಿದಂತೆ ಇತ್ತು. ಆಗಲೇ ಕೆಲಸ ಬಿಟ್ಟು ಹೋಗಿದ್ದ ಹುಡುಗನ ಹೆಸರು ಅದು. ಸ್ಕ್ರಿಪ್ಟ್ ಅವನ ಖಾತೆಯಲ್ಲಿ ನಡೆಯುತ್ತಿತ್ತು. ಬಾಕಿ ಕೂಲಿ ಆ ಹೆಂಗಸರ ಕೈ ಸೇರುವ ಹೊತ್ತಿಗೆ ಇನ್ನೂ ಮೂರು ಸಂಬಳದ ದಿನಗಳು ಕಳೆದಿದ್ದವು. ಅಂಕಿ ಬದಲಾಗಲು ಒಂದು ಕ್ಷಣ ಸಾಕು, ತಿದ್ದಲು ಮೂರು ತಿಂಗಳು ಬೇಕು. ಈ ಅಂತರವೇ ಅನ್ಯಾಯ ಎಂದು ನಾನು ಹೇಳುತ್ತೇನೆ.

ಲೆಕ್ಕದ ಮನೆಯಲ್ಲಿ ಕೂತವರಿಗೆ ಇಂಥವು ಬೇಕಾದಷ್ಟು ಗೊತ್ತು. ಸರ್ವೆ ನಂಬರ್ 12/3 ಎಂದು ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ, ಅದು ಮಾರ್ಚ್ 12 ಆಗಿ ಕೂರುತ್ತದೆ. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ಸಂಖ್ಯೆಯ ಸೊನ್ನೆ ಹಾರಿಹೋಗುತ್ತದೆ. ಹದಿನೈದು ಅಂಕಿಗಿಂತ ಉದ್ದದ ಸಂಖ್ಯೆ ಕೊಟ್ಟರೆ ಬಾಲದ ಅಂಕಿಗಳು ಸೊನ್ನೆಯಾಗುತ್ತವೆ. ಕೋಲಾರ ಜಿಲ್ಲೆಯ ಯಾವ ಕೂಲಿ ಪಟ್ಟಿಯಲ್ಲೂ ಮುನಿಯಮ್ಮ ಎಂಬ ಹೆಸರು ಒಂದೇ ಸಲ ಬರುವುದು ಅಪರೂಪ. ಹೆಸರಿನ ಮೇಲೆ ವಿ-ಲುಕಪ್ ಹಾಕಿದರೆ ಅದು ಮೊದಲು ಕಂಡ ಮುನಿಯಮ್ಮನನ್ನೇ ಹಿಡಿದುಕೊಂಡು ಉಳಿದವರೆಲ್ಲರ ಮುಂದೆಯೂ ಆಯಮ್ಮನ ಅಂಕಿಯನ್ನೇ ಬರೆಯುತ್ತದೆ. ಕೈಯಲ್ಲಿ ಬರೆಯುವಾಗ ಗುಮಾಸ್ತೆಗೆ ಇವು ಕಣ್ಣಿಗೆ ಹೊಡೆಯುತ್ತಿದ್ದವು, ‘ಇದೇನು ಸರ್ವೆ ನಂಬರಿನಲ್ಲಿ ಮಾರ್ಚ್’ ಎಂದು ಪೆನ್ನು ನಿಲ್ಲುತ್ತಿತ್ತು. ತಾನಾಗಿ ನಡೆಯುವ ಶೀಟಿನಲ್ಲಿ ಪೆನ್ನು ನಿಲ್ಲುವ ಜಾಗವೇ ಇಲ್ಲ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ತಾನಾಗಿ ಎಳೆದುಕೊಳ್ಳುತ್ತಿದ್ದ ಒಂದು ಹಳೇ ಮಾದರಿಯ ಎಕ್ಸೆಲ್ ಫೈಲು 65,536 ಸಾಲುಗಳಿಗೆ ತುಂಬಿಹೋಯಿತು. ಅದಕ್ಕಿಂತ ಹೆಚ್ಚಿಗೆ ಬಂದದ್ದು ಹೊರಗೇ ಉಳಿಯಿತು. ಯಾವ ಎಚ್ಚರಿಕೆಯ ಗಂಟೆಯೂ ಬಾರಿಸಲಿಲ್ಲ. 15,841 ಸೋಂಕಿತರ ವಿವರ ದಿನಗಟ್ಟಲೆ ಲೆಕ್ಕದಿಂದ ತಪ್ಪಿತ್ತು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ತಡವಾಯಿತು.

ಇಷ್ಟು ಹೇಳಿದರೆ ಹಳೇ ಕೈಬರಹದ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿದ್ದೇನೆ ಅನಿಸಬಹುದು. ಖಂಡಿತ ಇಲ್ಲ. ಕೈಬರಹದ ಪಹಣಿ ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕೈಯಲ್ಲಿದ್ದಾಗ ಹಳ್ಳಿಯವರು ಒಂದು ನಕಲಿಗಾಗಿ ಎಷ್ಟು ಸಲ ಅಲೆಯುತ್ತಿದ್ದರು, ಏನೇನು ಕೊಡುತ್ತಿದ್ದರು ಎಂಬುದನ್ನು ನಮ್ಮ ಹಿರಿಯರು ಮರೆತಿಲ್ಲ. ಹತ್ತನೇ ಕಾಲಂ ಇದ್ದರೂ ಪುಸ್ತಕವೇ ಒಬ್ಬರ ಮನೆಯಲ್ಲಿದ್ದರೆ ಅದನ್ನು ಓದುವವರು ಯಾರು? 2000ದ ಸುತ್ತಿನಲ್ಲಿ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದು, ತಾಲ್ಲೂಕು ಕಿಟಕಿಯಲ್ಲಿ 15 ರೂಪಾಯಿಗೆ ಯಾರಿಗೆ ಬೇಕಾದರೂ ಕೊಟ್ಟಿತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದವರಿಗೆ ಮೊದಲು ಎಂಬ ಕ್ರಮಕ್ಕೆ ಕಟ್ಟಿಹಾಕಿತು. ಆಮೇಲೆ ನೋಂದಣಿ ಕಚೇರಿಯ ‘ಕಾವೇರಿ’ ತಂತ್ರಾಂಶವನ್ನು ಇದಕ್ಕೆ ಜೋಡಿಸಿದರು. ಈಗ ಕ್ರಯಪತ್ರ ನೋಂದಣಿಯಾದರೆ ಜೆ-ಸ್ಲಿಪ್ ಎಂಬ ಮಾಹಿತಿ ಚೀಟಿ ತಾನಾಗಿಯೇ ಭೂಮಿಗೆ ಹೋಗುತ್ತದೆ, ಮ್ಯುಟೇಶನ್ ಶುರುವಾಗುತ್ತದೆ. ಒಂದು ಕೋಷ್ಟಕದ ಬದಲಾವಣೆ ಇನ್ನೊಂದು ಕೋಷ್ಟಕವನ್ನು ತಾನಾಗಿ ಎಬ್ಬಿಸುವುದು ಇದೇ. ನಮ್ಮ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಹೊಳೆಯುವುದಿಲ್ಲ. ಭೂಮಿಗೂ ಟೀಕಾಕಾರರಿದ್ದಾರೆ. ಲೆಕ್ಕ ಸುಲಭವಾಗಿ ಸಿಗುವಂತಾದಾಗ ಬೆಂಗಳೂರಿನ ಸುತ್ತ ಅದರ ಲಾಭ ದೊಡ್ಡ ಜಮೀನು ವ್ಯವಹಾರಸ್ಥರಿಗೆ ಹೆಚ್ಚು ಆಯಿತು ಎಂದು ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ವಾದಿಸಿದ್ದರು. ಅದರಲ್ಲಿ ಹುರುಳಿದೆ. ಆದರೆ ನನ್ನ ಮಾತಿಗೆ ಬೇಕಾದ ಅಂಶ ಬೇರೆ. ಜೆ-ಸ್ಲಿಪ್ ತಾನಾಗಿ ಬಂದರೂ ಭೂಮಿಯಲ್ಲಿ ಎಂ.ಆರ್. ನಂಬರ್ ಹುಟ್ಟುತ್ತದೆ, ನೋಟಿಸಿಗೆ ಜಾಗವಿದೆ, ಹತ್ತನೇ ಕಾಲಂ ಉಳಿದಿದೆ. ವೇಗ ಬಂದಾಗಲೂ ಕಾರಣ ಬರೆಯುವ ಮನೆಯನ್ನು ಯಾರೂ ಕಿತ್ತುಹಾಕಲಿಲ್ಲ.

ಇನ್ನೂ ಚಿಕ್ಕ ಉದಾಹರಣೆ ನಮ್ಮ ಹಾಲಿನ ಡೇರಿಯದು. ಬೆಳಗ್ಗೆ ಆರೂವರೆಗೆ ಬಂಗಾರಪೇಟೆ ತಾಲ್ಲೂಕಿನ ಯಾವುದಾದರೂ ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಹೋಗಿ ನಿಲ್ಲಿ. ಹಾಲನ್ನು ತೂಕದ ಯಂತ್ರಕ್ಕೆ ಸುರಿಯುತ್ತಾರೆ, ಒಂದಿಷ್ಟನ್ನು ಚಿಕ್ಕ ಬಟ್ಟಲಿನಲ್ಲಿ ತೆಗೆದು ಪರೀಕ್ಷೆಯ ಯಂತ್ರದ ನಳಿಗೆಗೆ ಹಿಡಿಯುತ್ತಾರೆ. ಕೆಂಪು ಅಂಕಿಗಳು ಹೊತ್ತಿಕೊಳ್ಳುತ್ತವೆ: ಲೀಟರ್ ಇಷ್ಟು, ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು. ಅಷ್ಟೂ ಅಂಕಿ ಕಂಪ್ಯೂಟರಿನ ಕೋಷ್ಟಕಕ್ಕೆ ತಾನೇ ಹೋಗುತ್ತದೆ, ಕಾರ್ಯದರ್ಶಿ ಪುಸ್ತಕಕ್ಕೆ ಇಳಿಸಬೇಕಾಗಿಲ್ಲ. ಚೀಟಿ ಹರಿದು ಕೈಗೆ ಕೊಡುತ್ತಾರೆ. ಈ ಇಡೀ ಕೆಲಸದಲ್ಲಿ ನನಗೆ ಬಹಳ ಹಿಡಿಸುವುದು ಹೆಂಗಸರ ಕಣ್ಣು. ಕ್ಯಾನು ಕೆಳಗಿಡುವ ಮುಂಚೆಯೇ ಅವರು ಕೆಂಪು ಅಂಕಿ ನೋಡಿರುತ್ತಾರೆ. ನಿನ್ನೆ ನಾಲ್ಕು ಇದ್ದ ಫ್ಯಾಟ್ ಇವತ್ತು ಮೂರಕ್ಕೆ ಇಳಿದರೆ, ‘ಇನ್ನೊಂದು ಸಲ ಹಾಕಣ್ಣ’ ಎನ್ನುತ್ತಾರೆ. ಹಾಲು ಇನ್ನೂ ಅಲ್ಲೇ ಇದೆ, ಮತ್ತೊಂದು ಬಟ್ಟಲು ಹಿಡಿದರೆ ಗೊತ್ತಾಗುತ್ತದೆ. ತಕರಾರಿಗೆ ಹತ್ತು ಸೆಕೆಂಡಿನ ಅವಕಾಶ, ಅದೂ ಸಾಕ್ಷಿ ಕಣ್ಣೆದುರು ಇರುವಾಗ. ಸಾಫ್ಟ್‌ವೇರ್ ಬರೆಯುವ ಹುಡುಗರನ್ನು ಒಂದು ವಾರ ಹಾಲಿನ ಡೇರಿಯಲ್ಲಿ ನಿಲ್ಲಿಸಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಬಸ್ಸಿನ ಹೆಂಗಸರಿಗೆ ಇದು ಇರಲಿಲ್ಲ. ಸ್ಕ್ಯಾನ್ ಮಾಡಿದಾಗ ಫೋನು ಬರೀ ‘ಪೀಂ’ ಎಂದಿತು. ಯಾವ ತಾರೀಕಿಗೆ ಬಿತ್ತು ಎಂದು ಹೇಳಲಿಲ್ಲ. ಅವರ ಹತ್ತಿರ ಇದ್ದದ್ದು ಪೆನ್ಸಿಲ್ ಗೀಟು. ಆ ಗೀಟನ್ನು ನಂಬಲು ಒಬ್ಬರು ತಯಾರಿದ್ದದ್ದರಿಂದ ಬದುಕಿಕೊಂಡರು. ನಂಬದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಯ ಕಥೆ ಇದೆ. ಅಲ್ಲಿ 1999ರಿಂದ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ತಂದರು. ಹಳ್ಳಿಹಳ್ಳಿಯ ಸಬ್ ಪೋಸ್ಟ್‌ಮಾಸ್ಟರ್‌ಗಳ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣತೊಡಗಿತು. ಕಂಪ್ಯೂಟರ್ ಸರಿಯಾಗಿಯೇ ಇದೆ ಎಂದು ಸಂಸ್ಥೆ ಹೇಳಿತು, ಹಾಗೇ ಭಾವಿಸಬೇಕೆಂಬುದು ಅಲ್ಲಿನ ಕೋರ್ಟುಗಳ ರೂಢಿಯೂ ಆಗಿತ್ತು. 900ಕ್ಕೂ ಹೆಚ್ಚು ಜನರ ಮೇಲೆ ಅಪರಾಧ ಸಾಬೀತಾಯಿತು. ಕೆಲವರು ಜೈಲಿಗೆ ಹೋದರು, ಎಷ್ಟೋ ಜನ ಇಲ್ಲದ ಕೊರತೆಯನ್ನು ಕೈಯಿಂದ ತುಂಬಿ ದಿವಾಳಿಯಾದರು. ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಸಂಸತ್ತು ಕಾನೂನೇ ತರಬೇಕಾಯಿತು. ತಮ್ಮ ಲೆಕ್ಕದ ಅಂಕಿ ಹೇಗೆ ಬದಲಾಯಿತು ಎಂದು ನೋಡುವ ದಾರಿ ಆ ಪೋಸ್ಟ್‌ಮಾಸ್ಟರ್‌ಗಳಿಗೆ ಇರಲಿಲ್ಲ. ಇದ್ದಿದ್ದರೆ ಇಪ್ಪತ್ತು ವರ್ಷ ಹಿಡಿಯುತ್ತಿರಲಿಲ್ಲ.

ಕೆಜಿಎಫ್‌ಗೆ ಈ ಜಗಳ ಹೊಸದೂ ಅಲ್ಲ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ, 1930ರಲ್ಲಿ, ಗಣಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಯೋಜನೆ ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಓದುಬರಹ ಬಾರದ ಜನ ಹೆದರಿಕೊಂಡರು ಎಂದು ಇದನ್ನು ಸುಲಭವಾಗಿ ಹೇಳಿಬಿಡಬಹುದು. ನಾನು ಹಾಗೆ ನೋಡುವುದಿಲ್ಲ. ತನ್ನ ಗುರುತು ಹೋಗಿ ಕೂರುವ ಪುಸ್ತಕ ಪೂರ್ತಿಯಾಗಿ ಇನ್ನೊಬ್ಬರ ಕೈಯಲ್ಲಿದ್ದರೆ, ಅದರಲ್ಲಿ ಏನು ಬರೆದಿದ್ದಾರೆಂದು ತಾನು ನೋಡಲಾಗದಿದ್ದರೆ, ಹೆಬ್ಬೆಟ್ಟು ಕೊಡುವವನಿಗೆ ಅನುಮಾನ ಬರುವುದು ವಿವೇಕ.

ಅದೇ ಗಣಿಗಳಿಗೆ ಅನ್ವಯಿಸಿದ ಇನ್ನೊಂದು ಪುಸ್ತಕ ಇದಕ್ಕೆ ನೇರ ವಿರುದ್ಧವಾಗಿತ್ತು. 1952ರ ಗಣಿ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ನೆಲದಡಿ ದುಡಿಯುವವರಿಗೆ ಪ್ರತ್ಯೇಕ ರಿಜಿಸ್ಟರ್ ಇಡಬೇಕಿತ್ತು, ಮತ್ತು ಯಾವ ಕ್ಷಣದಲ್ಲಿ ತೆರೆದು ನೋಡಿದರೂ ಆ ಕ್ಷಣ ಗಣಿಯೊಳಗೆ ಇರುವ ಪ್ರತಿಯೊಬ್ಬರ ಹೆಸರು ಅದರಲ್ಲಿ ಕಾಣಬೇಕಿತ್ತು. ಯಾವ ಕ್ಷಣದಲ್ಲಿ ಎಂಬ ಮಾತನ್ನು ಗಮನಿಸಬೇಕು. ಇಂದಿನ ಸಾಫ್ಟ್‌ವೇರ್ ಮಾರುವವರು ರಿಯಲ್ ಟೈಮ್ ಎಂದು ಹೊಗಳುವುದನ್ನು ಆ ಕಾಯ್ದೆ ಕಾಗದ ಮತ್ತು ಶಾಯಿಯಿಂದಲೇ ಕೇಳಿತ್ತು. ಕಾರಣ ಸ್ಪಷ್ಟ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಬಂಡೆ ಸಿಡಿದಾಗ, ಹಿಂದಿನವರು ಏರ್ ಬ್ಲಾಸ್ಟ್ ಎನ್ನುತ್ತಿದ್ದ ಆ ಸ್ಫೋಟವಾದಾಗ, ಮೇಲೆ ನಿಂತವರಿಗೆ ಮೊದಲು ಬೇಕಾದದ್ದು ಒಂದೇ ಉತ್ತರ: ಒಳಗೆ ಯಾರಿದ್ದಾರೆ? ಆ ರಿಜಿಸ್ಟರಿನಲ್ಲಿ ಒಂದು ಹೆಸರು ತಪ್ಪಿದರೆ ಒಬ್ಬ ಮನುಷ್ಯನನ್ನು ಹುಡುಕಲು ಯಾರೂ ಹೋಗುವುದಿಲ್ಲ. ಬೆರಳಚ್ಚಿನ ಪುಸ್ತಕ ಕಾರ್ಮಿಕನ ಮೇಲೆ ಕಣ್ಣಿಡಲು, ಈ ಪುಸ್ತಕ ಕಾರ್ಮಿಕನನ್ನು ಉಳಿಸಲು. ಹೊರಗಿನಿಂದ ನೋಡಿದರೆ ಎರಡೂ ಹೆಸರುಗಳ ಪಟ್ಟಿಯೇ. ನಾವು ಆಟೊಮೇಟ್ ಮಾಡುವ ಪ್ರತಿ ಶೀಟನ್ನೂ ಇವೆರಡರಲ್ಲಿ ಯಾವ ಕಡೆಗೆ ಸೇರುತ್ತದೆ ಎಂದು ಕೇಳಬೇಕು.

‘ಇದಕ್ಕೆಲ್ಲಾ ಖರ್ಚು ಬೀಳುತ್ತೆ, ಪ್ರತಿ ಬದಲಾವಣೆಗೂ ಕಾರಣ ಬರೆದು ಕೂತರೆ ಆಟೊಮೇಶನ್ ಯಾಕೆ’ ಎಂದು ಕೇಳುವವರಿದ್ದಾರೆ. ಅವರಿಗೆ ಬೆಂಗಳೂರಿನ ಟ್ಯಾಲಿ ಸಾಫ್ಟ್‌ವೇರ್ ತೆರೆದು ತೋರಿಸುತ್ತೇನೆ. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ ತಿದ್ದುಪಡಿಯೂ ತಾರೀಕಿನ ಸಮೇತ ದಾಖಲಾಗಬೇಕು, ಆ ದಾಖಲೆಯನ್ನು ಯಾರೂ ಆಫ್ ಮಾಡುವಂತಿರಬಾರದು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಟ್ಯಾಲಿಯಲ್ಲಿ ಅದಕ್ಕೆ ಎಡಿಟ್ ಲಾಗ್ ಎನ್ನುತ್ತಾರೆ. ಒಂದು ವೋಚರಿನ ಮೊತ್ತ ಹತ್ತು ಸಾವಿರದಿಂದ ಒಂಬತ್ತಾದರೆ ಯಾರು, ಯಾವಾಗ, ಮೊದಲು ಎಷ್ಟಿತ್ತು ಎಲ್ಲವೂ ಅಲ್ಲಿ ಉಳಿಯುತ್ತದೆ. ಕಂಪನಿಗಳು ಇದರಿಂದ ಮುಳುಗಿಹೋಗಲಿಲ್ಲ. ಕಂಪನಿಯ ಹಣದ ಲೆಕ್ಕಕ್ಕೆ ಇಷ್ಟು ಜೋಪಾನ ಸಾಧ್ಯವಾದರೆ ಕಸ ಗುಡಿಸುವವಳ ಶನಿವಾರಕ್ಕೆ ಯಾಕೆ ಸಾಧ್ಯವಿಲ್ಲ? ಅವಳ ಹಾಜರಿ ಟ್ಯಾಲಿಯೊಳಗೆ ಇಲ್ಲ, ಅದು ಟ್ಯಾಲಿಗೆ ಬರುವ ಮುಂಚಿನ ಒಂದು ಶೀಟಿನಲ್ಲಿದೆ. ಅಲ್ಲಿ ಕೂಡಿ ಬಂದ ಒಟ್ಟು ಮೊತ್ತ ಮಾತ್ರ ಟ್ಯಾಲಿಗೆ ಇಳಿಯುತ್ತದೆ. ಆಡಿಟರ್ ನೋಡುವುದು ಆ ಒಟ್ಟನ್ನು. ಕೂಲಿ ಹೋಗುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಲಾಗ್ ಇದ್ದರೆ ಸಾಕೇ, ಓದುವವರು ಯಾರು? ನಿಜ. ಇಂಗ್ಲಿಷಿನಲ್ಲಿ, ಸರ್ವರಿನ ಯಾವುದೋ ಮೂಲೆಯಲ್ಲಿ, ಅಡ್ಮಿನ್ ಪಾಸ್‌ವರ್ಡಿನ ಹಿಂದೆ ಇರುವ ಲಾಗು ಶಾನುಭೋಗರ ಮನೆಯಲ್ಲಿದ್ದ ಪುಸ್ತಕಕ್ಕಿಂತ ಹೆಚ್ಚಿನದೇನಲ್ಲ. ಹತ್ತನೇ ಕಾಲಂ ಪಹಣಿಯ ಒಳಗೇ ಇದೆ, ಹೆಸರಿನ ಪಕ್ಕದಲ್ಲೇ ಇದೆ, ಕನ್ನಡದಲ್ಲಿದೆ. ಹಾಜರಿಯ ಶೀಟಿಗೂ ಹಾಗೇ ಬೇಕು. ಸ್ಕ್ಯಾನ್ ಆದ ತಕ್ಷಣ ‘ಶನಿವಾರ, 5.12, ಬಂಗಾರಪೇಟೆ, ಹಾಜರಿ ಬಿದ್ದಿದೆ’ ಎಂದು ಒಂದು ಮೆಸೇಜ್ ಬರಲಿ. ಬಂಗಾರಪೇಟೆಯವರಿಗೆ ಕನ್ನಡದಲ್ಲಿ, ಆಂಡರ್ಸನ್‌ಪೇಟೆಯವರಿಗೆ ಬೇಕಾದರೆ ತಮಿಳಿನಲ್ಲಿ, ಬೇತಮಂಗಲದ ಕಡೆಯವರಿಗೆ ತೆಲುಗಿನಲ್ಲಿ. ಗೈರು ಎಂದು ಬರೆಯುವ ಮುಂಚೆ ಎರಡು ದಿನ ಅದು ಪೆನ್ಸಿಲಿನಲ್ಲಿರಲಿ, ‘ತಕರಾರಿದ್ದರೆ ಹೇಳಿ’ ಎಂದು ಕೇಳಲಿ. ಮನುಷ್ಯ ಕೈಯಾರೆ ತಿದ್ದಿದ ಮನೆಯನ್ನು ಸಿಂಕ್ ಮುಟ್ಟದಿರಲಿ, ಎರಡೂ ತಾಳೆಯಾಗದಿದ್ದರೆ ಕೆಂಪು ಬಣ್ಣ ತೋರಿಸಿ ನಿಲ್ಲಲಿ. ಇದ್ಯಾವುದೂ ರಾಕೆಟ್ ಹಾರಿಸುವ ಕೆಲಸವಲ್ಲ. ಒಂದು ವಾರದ ಪ್ರೋಗ್ರಾಮಿಂಗ್, ಮತ್ತು ಹಾಗೆ ಮಾಡಲೇಬೇಕು ಎಂದು ಕೇಳುವ ಒಬ್ಬ ಮನುಷ್ಯ.

ಈ ಮನುಷ್ಯ ಯಾರು ಎಂಬಲ್ಲಿ ನನ್ನ ಆತಂಕ ಇದೆ. ಅಂಕಿ ಇಳಿಸುವ ಕೆಲಸ ಹೋಗುತ್ತಿದೆ, ಅದನ್ನು ತಡೆಯಲಾಗದು. ರೈಲಿನಲ್ಲಿ ನನ್ನ ಎದುರು ಕೂರುವ ಎಂಐಎಸ್ ಹುಡುಗ ಹುಡುಗಿಯರಿಗೆ ಅದು ಗೊತ್ತಿದೆ. ಐದು ಜನ ಕೂರುತ್ತಿದ್ದ ಮೇಜಿನಲ್ಲಿ ಈಗ ಇಬ್ಬರು. ಉಳಿದ ಮೂವರಿಗೂ ತಾಳೆ ನೋಡುವ ಕೆಲಸ ಸಿಗುತ್ತದೆ ಎಂದು ನಾನು ಸುಳ್ಳು ಸಮಾಧಾನ ಹೇಳಲಾರೆ. ಆದರೆ ಉಳಿದ ಇಬ್ಬರಿಗೆ ಆಡಳಿತ ಯಾವ ಕೆಲಸ ಕೊಡುತ್ತದೆ ಎಂಬುದು ಮುಖ್ಯ. ಡ್ಯಾಶ್‌ಬೋರ್ಡ್ ಬಣ್ಣ ಬದಲಿಸುವ ಕೆಲಸವೋ, ಬಂದ ಅಂಕಿ ಬದುಕಿಗೆ ತಾಳೆಯಾಗುತ್ತದೆಯೇ ಎಂದು ನೋಡುವ ಕೆಲಸವೋ? ಕೆಜಿಎಫ್ ಹೆಂಗಸರೆಲ್ಲಾ ಒಟ್ಟಿಗೆ, ಪ್ರತಿ ಶನಿವಾರ, ಮಾತಾಡಿಕೊಂಡಂತೆ ರಜೆ ಹಾಕುತ್ತಾರೆಯೇ ಎಂಬ ಪ್ರಶ್ನೆ ಯಂತ್ರಕ್ಕೆ ಬರಲಿಲ್ಲ, ಸೂಪರ್‌ವೈಸರಿಗೂ ಬರಲಿಲ್ಲ. ಆ ಬಸ್ಸಿನಲ್ಲಿ ಒಂದು ದಿನ ಕೂತು ಬಂದವರಿಗೆ ಬರುತ್ತಿತ್ತು. ಊರು ಗೊತ್ತಿರುವ, ಬಸ್ಸಿನ ಹೊತ್ತು ಗೊತ್ತಿರುವ, ಐದು ಮುನಿಯಮ್ಮಂದಿರನ್ನು ಬೇರೆ ಬೇರೆಯಾಗಿ ಬಲ್ಲ ಒಬ್ಬ ಗುಮಾಸ್ತೆಯ ಬೆಲೆ ಆಟೊಮೇಶನ್ ಬಂದಮೇಲೆ ಹೆಚ್ಚಾಗಿದೆ. ಸಂಬಳ ಕೊಡುವವರು ಇದನ್ನು ಇನ್ನೂ ಕಂಡುಕೊಂಡಿಲ್ಲ, ಕಾಣುವಂತೆ ಮಾಡುವುದು ನಮ್ಮಂಥವರ ಕೆಲಸ.

ಗುತ್ತಿಗೆದಾರರು ಕೊನೆಗೆ ಒಪ್ಪಿಕೊಂಡು ಶೀಟನ್ನು ಹೊಸದಾಗಿ ಮಾಡಿಸಿದರು. ದಿನಾಂಕ ಈಗ ಭಾರತದ ಗಡಿಯಾರದಲ್ಲಿ ಬೀಳುತ್ತದೆ. ಎಕ್ಸೆಲ್ ಲೆಕ್ಕದಲ್ಲಿ ಹತ್ತನೇ ಕಾಲಂ ಎಂದರೆ ಜೆ. ಆ ಜೆ ಕಾಲಂ ಮೊದಲು ಖಾಲಿಯಿತ್ತು, ಅಗಲ ಕಿರಿದು ಮಾಡಿ ಮರೆಸಿಟ್ಟಿದ್ದರು. ಅದನ್ನು ಎಳೆದು ಅಗಲ ಮಾಡಿ ‘ಹೇಗೆ ಬಂತು’ ಎಂದು ತಲೆಬರಹ ಹಾಕಿದೆ. ಹಳೇ ಬಾಕಿ ಸೇರಿಸುವಾಗ ಆ ಎಂಟು ಶನಿವಾರಗಳ ಮುಂದೆ ಅಲ್ಲಿ ಏನು ಬರೆಯುವುದು ಎಂದು ಲೆಕ್ಕದ ಹುಡುಗಿ ಕೇಳಿದಳು. ಇದ್ದದ್ದನ್ನೇ ಬರೆ ಎಂದೆ. ಅವಳು ಟೈಪ್ ಮಾಡಿದಳು: ‘ಮನೆ ಕ್ಯಾಲೆಂಡರ್ ನೋಡಿ.’